ಬಾಲಕ್ಕ ಕಾದ ಕೆಂಪು ಬಟ್ಟೆ

ಅವಳಿಗೆ ಜನರ ಮುಖ ನೆನಪಿರುವುದಿಲ್ಲ, ಬೆನ್ನು ಮಾತ್ರ ಮರೆಯುವುದಿಲ್ಲ. ಮೊನ್ನೆ ತರಕಾರಿ ಅಂಗಡಿಯಲ್ಲಿ ಒಬ್ಬಾತ ಹಲ್ಲು ಕಿರಿದು, "ಏನಕ್ಕಾ, ಗುರುತು ಸಿಗ್ಲಿಲ್ವಾ? ಹೋದ ವರ್ಷ ನಿಮ್ಮ ಜೊತೆ ಸೈಕಲ್ಲಲ್ಲಿ ಬಂದಿದ್ನಲ್ಲ!" ಎಂದ. ಅವಳು ಮಿಕಿಮಿಕಿ ನೋಡಿದಳು. ಆತ ಮುಖ ಸಣ್ಣದು ಮಾಡಿಕೊಂಡು ಈರುಳ್ಳಿ ಆರಿಸಲು ಆ ಕಡೆ ತಿರುಗಿದ್ದೇ ತಡ, "ಅಯ್ಯೋ, ನೀವಾ! ಹದಿನೇಳನೇ ತಿರುವಿನಲ್ಲಿ ಚೈನು ಕಳಚಿಕೊಂಡು ಕೂತಿದ್ರಲ್ಲ!" ಎಂದು ಅಂಗಡಿಯೆಲ್ಲ ಕೇಳುವಂತೆ ಕೂಗಿದಳು. ಆತನಿಗೆ ಖುಷಿಯಾಯಿತೋ ಅವಮಾನವಾಯಿತೋ ಹೇಳುವುದು ಕಷ್ಟ.

ಹತ್ತೊಂಬತ್ತು ವರ್ಷ ಬೆನ್ನು ನೋಡಿಕೊಂಡೇ ಸಂಬಳ ತೆಗೆದುಕೊಂಡರೆ ಇನ್ನೇನಾಗುತ್ತದೆ? ಬೆಟ್ಟದ ಮೇಲಿಂದ ಸಮುದ್ರದವರೆಗೆ ಅರವತ್ತನಾಲ್ಕು ಕಿಲೋಮೀಟರ್, ಮೂವತ್ತೊಂದು ತಿರುವು. ಒಂದೇ ದಿನದಲ್ಲಿ ಅಷ್ಟು ದೂರ ಸೈಕಲ್ ತುಳಿಯುವ ಹುಮ್ಮಸ್ಸಿನವರನ್ನು ಗುಂಪು ಕಟ್ಟಿ ಕರೆದೊಯ್ಯುವುದು ಅವಳ ತಮ್ಮನ ಉದ್ಯೋಗ. ಎಲ್ಲರಿಗಿಂತ ಮುಂದೆ ದಾರಿ ತೋರಿಸುತ್ತ ಹೋಗುವವನು ಅವನು. ಅವನಿಗೆ ಆ ಕಸುಬಿನಲ್ಲಿ 'ತಲೆ' ಎಂದು ಹೆಸರು. ಎಲ್ಲರಿಗಿಂತ ಹಿಂದೆ ಬರುವವಳು ಅಕ್ಕ, ಅವಳು 'ಬಾಲ'. ಹೀಗಾಗಿ ಅವಳು ಊರಿಗೆಲ್ಲ ಬಾಲಕ್ಕ.

ಶುರುವಿನಲ್ಲಿ ಬಾಲ ಇರಲಿಲ್ಲ. ಆರು ಸೈಕಲ್ಲು ಕೊಂಡು ತಮ್ಮ ಹೊರಟ ಮೊದಲನೆಯ ವಾರವೇ ಒಬ್ಬ ದಪ್ಪನೆಯ ಗುಮಾಸ್ತರು ದಾರಿಯಲ್ಲಿ ಕಾಣೆಯಾದರು. ಹುಡುಕಿ ಹುಡುಕಿ ಸಾಕಾದ ಮೇಲೆ ಯಾವುದೋ ತೊರೆಯ ಪಕ್ಕ ಶರ್ಟು ಕಳಚಿಟ್ಟು ಗಡದ್ದಾಗಿ ನಿದ್ದೆ ಹೊಡೆಯುತ್ತಿದ್ದವರು ಸಿಕ್ಕರು. ಆಗ ತಮ್ಮ ಓಡಿ ಬಂದದ್ದು ಅಕ್ಕನ ಬಳಿಗೆ. ಅವಳು ಆಗ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಅಂಟು ಹಚ್ಚುತ್ತಿದ್ದಳು. "ಒಂದು ವಾರ ಹಿಂದೆ ಬಾ ಅಕ್ಕಾ, ಅಷ್ಟರಲ್ಲಿ ಯಾರನ್ನಾದ್ರೂ ನೋಡ್ತೀನಿ" ಎಂದಿದ್ದ. ಆ ಯಾರನ್ನಾದರೂ ಅವನು ಇನ್ನೂ ನೋಡಿಲ್ಲ.

ಬಾಲದ ಕೆಲಸ ನೋಡುವವರಿಗೆ ಸಸಾರ. ಇಳಿಜಾರಿನಲ್ಲಿ ನಿಧಾನ ಬರುವುದು ಏನು ಮಹಾ ಎನ್ನುವವರು ಒಮ್ಮೆ ಬಂದು ಮಾಡಿ ನೋಡಬೇಕು. ಕಾಲು ಸುಮ್ಮನಿದ್ದರೂ ಸೈಕಲ್ಲು ಹಾರಬೇಕೆನ್ನುತ್ತದೆ. ಅದನ್ನು ಬ್ರೇಕಿನಲ್ಲಿ ಹಿಡಿದು, ಮುಂದಿನ ಬೆನ್ನಿಗೆ ಇಪ್ಪತ್ತು ಮಾರು ಅಂತರ ಬಿಟ್ಟು, ಆತ ನಿಂತರೆ ನಿಂತು, ಆತ ಆಕಾಶ ನೋಡಿದರೆ ತಾನೂ ನೋಡುತ್ತ ಬರಬೇಕು. ಕೊನೆಯ ಸವಾರನನ್ನು ಬಾಲ ಯಾವ ಕಾರಣಕ್ಕೂ ದಾಟಬಾರದು. ಬಾಲಕ್ಕನ ಚೀಲದಲ್ಲಿ ಟ್ಯೂಬು, ಪಂಪು, ಪಂಕ್ಚರ್ ಅಂಟು, ಪಿನ್ನು, ಶೂ ಲೇಸು, ಅಳುವ ದೊಡ್ಡವರಿಗೆ ಕೊಡಲು ಪೆಪ್ಪರಮಿಂಟು ಎಲ್ಲ ಇದ್ದವು. ಹತ್ತೊಂಬತ್ತು ವರ್ಷದಲ್ಲಿ ಅವಳು ಆ ಇಳಿಜಾರನ್ನು ತನ್ನ ವೇಗದಲ್ಲಿ ಇಳಿದದ್ದು ಒಂದು ಸಲವೂ ಇಲ್ಲ.

ಇನ್ನೊಂದು ನಿಯಮವಿತ್ತು, ಅದು ಕೆಂಪು ಬಟ್ಟೆಯದು. ತಿರುವುಗಳಲ್ಲಿ ಲಾರಿ ಬರುವ ಭಯ. ಆದ್ದರಿಂದ ಯಾರೇ ನಿಂತರೂ ಸೈಕಲ್ಲನ್ನು ರಸ್ತೆ ಬಿಟ್ಟು ಒಳಗೆ ತಳ್ಳಿಕೊಂಡು ಹೋಗಬೇಕು. ಪೊದೆಯ ಹಿಂದೆ ಕೆಲಸವಿದ್ದವರಂತೂ ಹೇಗೂ ಹೋಗುತ್ತಾರೆ. ಹೋಗುವಾಗ ಸೀಟಿನಡಿ ಕಟ್ಟಿದ ಕೆಂಪು ಬಟ್ಟೆ ಬಿಚ್ಚಿ ರಸ್ತೆಯ ಅಂಚಿನ ಗಿಡಕ್ಕೆ ಸಿಕ್ಕಿಸಬೇಕು, ಬಂದ ಮೇಲೆ ತೆಗೆದುಕೊಳ್ಳಬೇಕು. ಉಳಿದ ಸವಾರರು ಅದನ್ನು ನೋಡಿಯೂ ನೋಡದಂತೆ ಮುಂದೆ ಹೋಗಬಹುದು, ಮರ್ಯಾದೆಯೂ ಉಳಿಯುತ್ತದೆ. ಆದರೆ ಬಾಲ ಮಾತ್ರ ಬಟ್ಟೆ ಕಂಡಲ್ಲಿ ನಿಲ್ಲಬೇಕು, ಬಟ್ಟೆಯ ಒಡೆಯ ಬರುವ ತನಕ ಹೆಜ್ಜೆ ಕದಲಬಾರದು. ಆ ಬಟ್ಟೆಗಳನ್ನು ಆಫೀಸಿನ ಹಳೆಯ ಪರದೆ ಹರಿದು ಅಂಚು ಹೊಲಿದುಕೊಟ್ಟವನು ದರ್ಜಿ ಕೆಲಸದ ಅವಳ ಗಂಡ. ಎಲ್ಲವೂ ಒಂದೇ ಥರ, ಒಂದೇ ಅಳತೆ.

ಈ ಕಥೆಯ ದಿನ ಬಾಲಕ್ಕನ ಮನಸ್ಸು ಸರಿಯಿರಲಿಲ್ಲ. ಹಿಂದಿನ ಸಂಜೆ ಆಫೀಸಿನಲ್ಲಿ ತಮ್ಮ, ಟಯರು ನೇತುಹಾಕಿದ ಗೋಡೆಯ ಕಡೆ ಮುಖ ಮಾಡಿಕೊಂಡು, ಹೇಳಲೋ ಬೇಡವೋ ಎಂಬಂತೆ ಹೇಳಿದ್ದ.

"ಅಕ್ಕಾ, ಮುಂದಿನ ತಿಂಗಳಿಂದ ಹಿಂದೆ ವ್ಯಾನು ಬರ್ಲಿ ಅಂತಿದೀನಿ."

"ಯಾಕೆ, ನಾನು ಸತ್ತೋದ್ನಾ?"

"ಐವತ್ತನಾಲ್ಕು ಆಯ್ತು ನಿಂಗೆ. ಇಲ್ಲಿ ಕಿಟಕಿ ಹತ್ರ ಕೂತು ಟಿಕೆಟು ಬರ್ದುಕೊಡು. ಫ್ಯಾನಿದೆ, ಕುರ್ಚಿ ಇದೆ."

"ಕುರ್ಚಿ ಮೇಲೆ ನೀನೇ ಕೂತ್ಕೋ. ನಾನೇನು ತಪ್ಪು ಮಾಡಿದೀನಿ ಹೇಳು."

"ತಪ್ಪಲ್ಲ ಅಕ್ಕಾ, ತಡ ಆಗ್ತಿದೆ. ಸೈಕಲ್ ಹೊತ್ಕೊಂಡು ಹೋಗೋ ಲಾರಿಯೋನು ದಿನಾ ಬೈತಾನೆ."

ವಾದ ಬೆಳೆಯಿತು. ಕೊನೆಗೆ ಒಂದು ಒಪ್ಪಂದವಾಯಿತು. ನಾಳೆ ಮಧ್ಯಾಹ್ನ ಒಂದೂವರೆಯೊಳಗೆ ಬಾಲವೂ ಸಮುದ್ರ ಮುಟ್ಟಿದರೆ, ಒಂದು ತಪ್ಪೂ ಆಗದಿದ್ದರೆ, ಈ ವರ್ಷ ಪೂರ್ತಿ ಅಕ್ಕನೇ ಬಾಲ. ಇಲ್ಲದಿದ್ದರೆ ಕುರ್ಚಿ, ಕಿಟಕಿ, ಫ್ಯಾನು. ಬಾಲಕ್ಕ ಮನೆಗೆ ಬಂದು ಗಂಡನ ಮೇಲೆ ರೇಗಾಡಿದಳು, ಆತ ಸೂಜಿಗೆ ದಾರ ಪೋಣಿಸುತ್ತ ಎಲ್ಲದಕ್ಕೂ ಹೂಂಗುಟ್ಟಿದ. ಅವಳಿಗೆ ಆ ರಸ್ತೆ ಬೇಕಾಗಿತ್ತು. ನಾಲ್ಕು ಗೋಡೆಯ ನಡುವೆ ಅಂಟು ಹಚ್ಚಿದ್ದು ಒಂದು ಜನ್ಮಕ್ಕೆ ಸಾಕಾಗಿತ್ತು.

ಬೆಳಗ್ಗೆ ಆರಕ್ಕೆ ಹನ್ನೊಂದು ಜನ ಹೊರಟರು. ತಮ್ಮ ಎಂದಿನಂತೆ ಬೆರಳು ಮಡಚುತ್ತ ಎಣಿಸಿ, "ಹನ್ನೊಂದು! ಸರಿ, ನಡೀರಿ!" ಎಂದು ಸೀಟಿ ಊದಿದ. ಕೊನೆಯಲ್ಲಿ ಇದ್ದವರು ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ. ಮೇಷ್ಟ್ರಿಗೆ ಅರವತ್ತೆಂಟು. ಏರು ಬಂದರೆ ಇಳಿದು ತಳ್ಳುವರು, ಇಳಿಜಾರು ಬಂದರೆ ಮಾತ್ರ ಬ್ರೇಕೆಂಬುದೊಂದಿದೆ ಎಂಬುದನ್ನೇ ಮರೆಯುವರು. ಹಿಂದಿನಿಂದ ಹೆಂಡತಿ, "ರೀ, ನಿಧಾನಾರೀ! ಪಿಂಚಣಿ ಇನ್ನೂ ಬೇಕು ನಮಗೆ!" ಎಂದು ಕೂಗುತ್ತ ತಾನೂ ಅದೇ ವೇಗದಲ್ಲಿ ಹಾರಿ ಹೋಗುವಳು. ಒಳ್ಳೆ ಜೋಡಿ ಎಂದುಕೊಂಡಳು ಬಾಲಕ್ಕ.

ಹೊತ್ತು ಒಂಬತ್ತೂವರೆಯಾಗಿತ್ತು. ಹದಿನೆಂಟನೆಯ ತಿರುವಿನಲ್ಲಿ ಮೇಷ್ಟ್ರಮ್ಮನ ನೀರಿನ ಬಾಟಲು ಕಳಚಿ ಚರಂಡಿಗೆ ಉರುಳಿತು. ಬಾಲಕ್ಕ ಇಳಿದು, ಮುಳ್ಳು ಸರಿಸಿ, ಅದನ್ನು ಎತ್ತಿ ಒರೆಸಿಕೊಂಡು ಬರುವಷ್ಟರಲ್ಲಿ ಇಬ್ಬರೂ ಕಣ್ಮರೆ. ಪರವಾಗಿಲ್ಲ, ಹಿಡಿಯುತ್ತೇನೆ ಎಂದು ಬ್ರೇಕು ಸ್ವಲ್ಪ ಸಡಿಲ ಬಿಟ್ಟು ಹತ್ತೊಂಬತ್ತನೆಯ ತಿರುವಿಗೆ ಬಂದಳು. ಅಲ್ಲಿ, ರಸ್ತೆಯಂಚಿನ ಗಿಡದ ಮೇಲೆ, ಕೆಂಪು ಬಟ್ಟೆ.

"ಮೇಷ್ಟ್ರಿಗೆ ಅವಸರವಾಯ್ತು ಅನ್ಸತ್ತೆ" ಎಂದುಕೊಂಡು ಇಳಿದಳು. ಸೈಕಲ್ಲನ್ನು ಮರಕ್ಕೆ ಒರಗಿಸಿ, ಮರ್ಯಾದೆಗೆ ಆ ಕಡೆ ಬೆನ್ನು ಹಾಕಿ ನಿಂತಳು. ಹತ್ತು ನಿಮಿಷವಾಯಿತು. ಹದಿನೈದಾಯಿತು. ವಯಸ್ಸಾದವರು, ಹೊಟ್ಟೆಯ ವಿಷಯ, ಅವಸರ ಮಾಡಬಾರದು ಎಂದು ಒಂದು ಪೆಪ್ಪರಮಿಂಟು ಬಾಯಿಗೆ ಹಾಕಿಕೊಂಡಳು.

ಅರ್ಧ ಗಂಟೆಯ ಮೇಲೆ ಸೀಟಿ ಊದಿದಳು. ಒಂದು ಹಕ್ಕಿ ಬಿಟ್ಟರೆ ಯಾರೂ ಓಗೊಡಲಿಲ್ಲ. "ಮೇಷ್ಟ್ರೇ! ಮೇಷ್ಟ್ರಮ್ಮಾ!" ಎಂದು ಕೂಗಿದಳು. ಕಾಲುದಾರಿಯಲ್ಲಿ ನೂರು ಹೆಜ್ಜೆ ಒಳಗೆ ಹೋಗಿ ನೋಡಿದಳು. ಬಿದ್ದ ಎಲೆ, ಒಂದು ಮುರುಕಲು ಬೆಂಚು, ಅಷ್ಟೆ. ದಾರಿ ಅಲ್ಲಿಂದ ಎರಡಾಗಿ ಒಡೆದಿತ್ತು. ಒಂದರಲ್ಲಿ ಹೋದರೆ ಅವರು ಇನ್ನೊಂದರಲ್ಲಿ ಬಂದುಬಿಟ್ಟರೆ? ಮತ್ತೆ ಬಟ್ಟೆಯ ಬಳಿಗೆ ಓಡಿ ಬಂದಳು. ಫೋನು ಆ ಜಾಗದಲ್ಲಿ ಬರೀ ಗಡಿಯಾರ. ಕೆಳಗೆ ಹೋಗುವ ಲಾರಿಯೊಂದಕ್ಕೆ ಅಡ್ಡ ನಿಂತು, "ಊಟದ ಅಂಗಡಿ ಹತ್ರ ನಮ್ಮೋರಿದ್ರೆ, ಬಾಲಕ್ಕ ಹತ್ತೊಂಬತ್ತರಲ್ಲಿ ಕಾಯ್ತಿದಾಳೆ ಅಂತ ಹೇಳಿ" ಎಂದಳು. ಡ್ರೈವರು ಆಗಲಿ ಎಂದು ಹಾಡು ಜೋರು ಮಾಡಿಕೊಂಡು ಹೋದ. ಅವನು ಯಾರಿಗೂ ಏನೂ ಹೇಳಲಿಲ್ಲ ಎನ್ನುವುದು ಆಮೇಲೆ ತಿಳಿದ ಸಂಗತಿ.

ಹನ್ನೊಂದು ಗಂಟೆಯಾಯಿತು. ಒಂದು ಕಡೆ ಮೇಷ್ಟ್ರಿಗೆ ಏನಾಯಿತೋ ಎಂಬ ಭಯ, ಇನ್ನೊಂದು ಕಡೆ ಒಂದೂವರೆಯ ಗಡುವು. ಬಿಟ್ಟು ಹೋದರೆ ಸಮಯಕ್ಕೆ ಮುಟ್ಟಬಹುದು. ಆದರೆ ಬಟ್ಟೆ ಬಿಟ್ಟು ಹೋಗುವ ಬಾಲ ಎಂಥ ಬಾಲ? "ಕುರ್ಚಿಯಾದ್ರೆ ಕುರ್ಚಿ ಆಗ್ಲಿ" ಎಂದು ಗಟ್ಟಿಯಾಗಿಯೇ ಹೇಳಿಕೊಂಡು ಅಲ್ಲೇ ಕಲ್ಲಿನ ಮೇಲೆ ಕುಕ್ಕರಿಸಿದಳು. ಕಣ್ಣಲ್ಲಿ ನೀರು ಬಂತು. ಯಾರೂ ನೋಡುವವರಿಲ್ಲವಾದ್ದರಿಂದ ಧಾರಾಳವಾಗಿ ಅತ್ತಳು, ಅತ್ತಾದ ಮೇಲೆ ಇನ್ನೊಂದು ಪೆಪ್ಪರಮಿಂಟು ತಿಂದಳು.

ಹನ್ನೆರಡೂ ಆಯಿತು. ಆಗ ಕೆಳಗಿನಿಂದ ಪಟಪಟ ಎಂದು ಮೋಟಾರು ಸೈಕಲ್ಲು ಏರಿ ಬಂತು. ಬೆಟ್ಟದ ಮನೆಗಳಿಗೆ ಕಾಗದ ಹಂಚುವ ಅಂಚೆಯವನು, ಹಳೆಯ ಪರಿಚಯ.

"ಏನಕ್ಕಾ, ಇಲ್ಲಿ ಒಬ್ರೇ ಕೂತಿದೀರಿ?"

"ಒಬ್ಳೇ ಎಲ್ಲಿ? ಒಳಗೆ ನಮ್ಮ ಮೇಷ್ಟ್ರಿದಾರೆ. ಎರಡೂವರೆ ಗಂಟೆ ಆಯ್ತು."

"ಯಾರು, ಬಿಳಿ ಮೀಸೆ, ಹಿಂದೆ ಬೈತಾ ಬರೋ ಹೆಂಡ್ತಿ? ಅವರು ಊಟ ಮುಗಿಸಿ ಹೊರಟು ಮುಕ್ಕಾಲು ಗಂಟೆ ಆಯ್ತಲ್ಲಕ್ಕಾ! ರಸ್ತೆ ದಾಟೋಕೆ ನಿಂತಿದ್ರು, ನಾನೇ ಗಾಡಿ ನಿಲ್ಸಿ ದಾರಿ ಬಿಟ್ಟೆ. ಒಬ್ಬರ ಹಿಂದೆ ಒಬ್ಬರು ಬಾತುಕೋಳಿ ಥರ ಹೋದ್ರು. ಹನ್ನೊಂದು ಜನ. ಸುಮ್ನೆ ನಿಂತೋನು ಇನ್ನೇನು ಮಾಡ್ಲಿ, ಎಣಿಸ್ದೆ."

"ಹನ್ನೊಂದು? ಸರಿಯಾಗಿ ಎಣಿಸಿದ್ರಾ?"

"ಮುಂದೆ ನಿಮ್ಮ ತಮ್ಮ, ಅವರ ಹಿಂದೆ ಹನ್ನೊಂದು. ಕಾಗದ ಎಣಿಸೋನು ಅಕ್ಕಾ ನಾನು, ತಪ್ಪಲ್ಲ."

ಬಾಲಕ್ಕ ಗಿಡದ ಮೇಲಿನ ಬಟ್ಟೆಯನ್ನು ನೋಡಿದಳು. ಹನ್ನೊಂದು ಜನವೂ ಕೆಳಗಿದ್ದರೆ ಈ ಬಟ್ಟೆ ಯಾರದ್ದು? ಯಾರೋ ಮರೆತು ಹೋಗಿರಬೇಕು. ಯಾರೋ ಮರೆತ ಒಂದು ಗೇಣು ಪರದೆಯ ಚೂರಿಗೆ ತಾನು ಎರಡೂವರೆ ಗಂಟೆ ಕಾವಲು ಕೂತದ್ದಾಯಿತು! ಊಟದ ಹೊತ್ತಿನಲ್ಲಿ ಅವಳನ್ನು ಯಾರೂ ಹುಡುಕಲಿಲ್ಲ ಎನ್ನುವುದರಲ್ಲಿ ಮಾತ್ರ ಆಶ್ಚರ್ಯವಿರಲಿಲ್ಲ. ದಾರಿಯಲ್ಲಿ ಬಿದ್ದದ್ದನ್ನೆಲ್ಲ ಆರಿಸಿಕೊಂಡು ಬಾಲ ಬರುವ ಹೊತ್ತಿಗೆ ಗುಂಪು ಎಷ್ಟೋ ಸಲ ಹೊರಟಿರುತ್ತದೆ. ಅವಳ ಪೊಟ್ಟಣವನ್ನು ಅಂಗಡಿಯಲ್ಲಿ ಬಿಟ್ಟು ಹೋಗುತ್ತಾರೆ. ತಮ್ಮ ಎಣಿಸುವುದು ಹನ್ನೊಂದನ್ನು. ಬಾಲವನ್ನು ಯಾರೂ ಎಣಿಸುವುದಿಲ್ಲ, ಸ್ವತಃ ಬಾಲವೂ ಎಣಿಸಿಕೊಂಡಿರಲಿಲ್ಲ.

ಬಟ್ಟೆಯನ್ನು ಕಿತ್ತು ಜೇಬಿಗೆ ತುರುಕಿ, ಯಾರಿಗೆಂದು ಗೊತ್ತಿಲ್ಲದೆ ಒಂದು ಒಳ್ಳೆಯ ಬೈಗುಳ ಬೈದು, ಸೈಕಲ್ಲು ಹತ್ತಿದಳು. ಅಭ್ಯಾಸಬಲದಿಂದ ಎರಡೂ ಬ್ರೇಕು ಹಿಡಿದಳು. ಇಪ್ಪತ್ತನೆಯ ತಿರುವು ಕಳೆಯಿತು. ಆಗ ಹೊಳೆಯಿತು. ಮುಂದೆ ಯಾವ ಬೆನ್ನೂ ಇರಲಿಲ್ಲ.

ಬ್ರೇಕು ಬಿಟ್ಟಳು.

ಆಹಾ! ಹತ್ತೊಂಬತ್ತು ವರ್ಷ ಲಗಾಮು ಎಳೆಸಿಕೊಂಡಿದ್ದ ಸೈಕಲ್ಲು ಹೋಗುತ್ತೇನೆ ನೋಡು ಎಂದು ಹೊರಟಿತು. ಗಾಳಿ ಕಿವಿಯಲ್ಲಿ ಶಿಳ್ಳೆ ಹಾಕಿತು. ತಿರುವು ಬಂದಾಗ ಮೈ ತಾನಾಗಿಯೇ ಬಾಗಿತು, ಅವಳಿಗೆ ಆ ರಸ್ತೆಯ ಒಂದೊಂದು ಗುಂಡಿಯೂ ಹೆಸರು ಹಿಡಿದು ಕರೆಯುವಷ್ಟು ಪರಿಚಯ. ಇಪ್ಪತ್ತೈದರ ಹತ್ತಿರ ಸದಾ ಬೊಗಳುವ ನಾಯಿ ಬೊಗಳಲು ಬಾಯಿ ತೆರೆಯುವುದರೊಳಗೆ ಅವಳು ಇಪ್ಪತ್ತಾರರಲ್ಲಿದ್ದಳು. ಕುರ್ಚಿ, ಕಿಟಕಿ, ಗಡುವು ಎಲ್ಲ ನೆನಪಿತ್ತು, ಆದರೂ ಹೊಟ್ಟೆಯೊಳಗಿಂದ ನಗು ಉಕ್ಕಿ ಬರುತ್ತಿತ್ತು. ಕೆಲಸ ಹೋಗುವ ದಿನವೇ ಇಷ್ಟು ಖುಷಿಯಾಗಬೇಕೆ ಎಂದು ತನ್ನನ್ನೇ ಬೈದುಕೊಂಡಳು, ಬೈದುಕೊಂಡೇ ಮತ್ತೊಂದು ತಿರುವು ಬಾಗಿದಳು.

ಬೆಟ್ಟದ ಬುಡದಲ್ಲಿ ಊಟದ ಅಂಗಡಿಯಾಕೆ ಪೊಟ್ಟಣ ಹಿಡಿದು ರಸ್ತೆಗೇ ಬಂದಿದ್ದಳು. "ಎಲ್ಲಿಗೆ ಹೋಗಿದ್ರಿ ಬಾಲಕ್ಕಾ? ಬ್ರೆಡ್ಡೆಲ್ಲ ಒಣಗೋಯ್ತು." ಬಾಲಕ್ಕ ಪೊಟ್ಟಣ ಬುಟ್ಟಿಗೆ ಹಾಕಿಕೊಂಡು, ಒಂದು ಬಾಳೆಹಣ್ಣು ಸುಲಿದು ಬಾಯಿಗಿಟ್ಟುಕೊಂಡು ನಡೆದಳು. ಅಲ್ಲಿ ಫೋನಿಗೆ ಜೀವ ಬರುತ್ತಿತ್ತು, ಆದರೆ ತಮ್ಮನ ಮಾತನ್ನು ಫೋನಿನಲ್ಲೊಮ್ಮೆ ಎದುರಿಗೊಮ್ಮೆ ಎರಡೆರಡು ಸಲ ಕೇಳುವ ಆಸೆ ಅವಳಿಗಿರಲಿಲ್ಲ. ಫೋನನ್ನು ಬಂದ್ ಮಾಡಿ ಚೀಲದ ತಳಕ್ಕೆ ನೂಕಿದಳು.

ಬಯಲಿನಲ್ಲಿ ತುಳಿದು ತುಳಿದು ತೊಡೆ ಕಲ್ಲಾಯಿತು. ಸಮುದ್ರಕ್ಕೆ ಮೊದಲು ಒಂದು ಕೊನೆಯ ದಿಬ್ಬವಿದೆ. ಅದರ ನೆತ್ತಿಗೆ ಬಂದರೆ ನೀರು ಕಾಣುತ್ತದೆ. ನೆತ್ತಿ ಮುಟ್ಟಿದಾಗ ಒಂದು ಗಂಟೆ ಐವತ್ತು ನಿಮಿಷ. ಗಡುವು ಮುಗಿದಿತ್ತು. ನೀಲಿಯಾಗಿ ಹರಡಿಕೊಂಡ ನೀರನ್ನು ಒಂದು ಕ್ಷಣ ನೋಡಿ, ಆದದ್ದಾಗಲಿ ಎಂದು ಸೈಕಲ್ಲನ್ನು ಇಳಿಜಾರಿಗೆ ಬಿಟ್ಟಳು.

ಅರ್ಧ ಇಳಿದಿರಬೇಕು, ಎದುರಿನಿಂದ ಯಾರೋ ಹಲ್ಲು ಕಚ್ಚಿ ಏರು ತುಳಿಯುತ್ತ ಬರುತ್ತಿದ್ದರು. ಮುಖ ಟೊಮೆಟೊ ಆಗಿತ್ತು, ಅಂಗಿ ಬೆನ್ನಿಗಂಟಿತ್ತು. ಮುಖ ಗುರುತಿಸುವುದರಲ್ಲಿ ಹುಷಾರಲ್ಲದ ಬಾಲಕ್ಕನಿಗೂ ಆ ಮುಖ ಗೊತ್ತಾಯಿತು.

"ಅಕ್ಕಾ! ಅಕ್ಕಾ! ನಿಲ್ಲೇ!"

"ಆಗಲ್ವೋ! ಬ್ರೇಕ್ ಹಿಡಿಯೋಕೆ ಮನಸ್ಸು ಬರ್ತಿಲ್ಲ!" ಎಂದು ಕೂಗಿ ಅವಳು ಸೊಯ್ಯೆಂದು ಅವನನ್ನು ದಾಟಿ ಹೋದಳು.

ತಮ್ಮ ಸೈಕಲ್ಲು ತಿರುಗಿಸಿ ಹಿಂದೆ ಬಿದ್ದ. ಹತ್ತೊಂಬತ್ತು ವರ್ಷ ಎಲ್ಲರಿಗಿಂತ ಮುಂದೆ ಇದ್ದವನಿಗೆ ಅಕ್ಕನ ಬೆನ್ನು ಹಿಡಿಯಲು ದಿಬ್ಬದ ಬುಡದ ಸೇತುವೆಯವರೆಗೆ ಬೇಕಾಯಿತು. ಅಲ್ಲಿ ಅವಳು ನಿಂತಿದ್ದಳು. ಅವನು ಬಂದವನೇ ಸೈಕಲ್ಲನ್ನು ಅಲ್ಲೇ ಬಿಸಾಡಿ ಅವಳ ಎರಡೂ ತೋಳು ಹಿಡಿದು, ಕೈ ಕಾಲು ಎಲ್ಲ ಇದೆಯೋ ಎಂದು ನೋಡಿದ.

"ಎಲ್ಲಾದ್ರೂ ಬಿದ್ಯಾ? ಫೋನ್ ಯಾಕೆ ಬಂದ್ ಮಾಡಿದ್ದೆ? ನನ್ನ ಜೀವ ಬಾಯಿಗೆ ಬಂದಿತ್ತು ಗೊತ್ತಾ ನಿಂಗೆ?"

"ತಡ ಆಯ್ತು ಅಂತ ಬೈಯೋಕೆ ಇಷ್ಟು ದೂರ ಬಂದ್ಯಾ?"

"ಬೈಯೋದಲ್ವೇ! ಮೇಷ್ಟ್ರು ಬಂದ್ರು, ಅವರ ಹೆಂಡ್ತಿ ಬಂದ್ರು, ನೀನಿಲ್ಲ. ಬಾಲಕ್ಕ ಎಲ್ಲಿ ಅಂದ್ರೆ, ನಾವು ಊಟಕ್ಕೆ ಮುಂಚಿಂದ ನೋಡಿಲ್ಲ ಅಂದ್ರು. ಆಗ ತಲೆಗೆ ಹೋಯ್ತು. ಯಾರು ಬಿದ್ರೂ ಹಿಂದಿಂದ ನೀನು ಬರ್ತೀಯ. ನೀನು ಬಿದ್ರೆ ಹಿಂದಿಂದ ಯಾರು ಬರ್ತಾರೆ? ಇಷ್ಟು ವರ್ಷ ನಿನ್ನ ಹಿಂದೆ ಯಾರೂ ಇರ್ಲಿಲ್ಲವಲ್ಲ ಅಕ್ಕಾ."

ಬಾಲಕ್ಕ ಸಿಟ್ಟಿನಲ್ಲಿ ಆಡಲು ಸಿದ್ಧ ಮಾಡಿಕೊಂಡಿದ್ದ ಮಾತೆಲ್ಲ ಕರಗಿಹೋಯಿತು. ಬುಟ್ಟಿಯಿಂದ ನೀರು ತೆಗೆದು ಅವನಿಗೆ ಕೊಟ್ಟಳು.

"ಹತ್ತೊಂಬತ್ತರಲ್ಲಿ ಬಟ್ಟೆ ಇತ್ತು ಕಣೋ. ಕಾಯ್ತಾ ಕೂತಿದ್ದೆ. ಯಾವ ಪುಣ್ಯಾತ್ಮ ಮರೆತು ಹೋದ್ನೋ, ಗೊತ್ತಾದ್ರೆ ಕಿವಿ ಹಿಂಡ್ತೀನಿ."

ತಮ್ಮ ನೀರು ಕುಡಿಯುವುದನ್ನು ನಿಲ್ಲಿಸಿದ. ಸೇತುವೆಯ ಕೆಳಗೆ ಹರಿಯುವ ನೀರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಚಿಕ್ಕಂದಿನಲ್ಲಿ ಅವನು ಬಳಪ ನುಂಗಿದಾಗಲೂ ಹೀಗೇ ಬೇರೆ ಕಡೆ ನೋಡಿದ್ದ. ಬಾಲಕ್ಕ ಅವನ ಸೈಕಲ್ಲಿನ ಬಳಿ ಹೋಗಿ ಸೀಟಿನಡಿ ಕೈ ಹಾಕಿದಳು. ಅಲ್ಲಿ ಬಟ್ಟೆ ಇರಲಿಲ್ಲ.

"ನಿನ್ದಾ?"

"ಬೆಳಗ್ಗೆ ಹೊಟ್ಟೆ ಸರಿಯಿರ್ಲಿಲ್ಲ" ಎಂದ ತಮ್ಮ, ನೀರನ್ನೇ ನೋಡುತ್ತ. "ಇಷ್ಟು ವರ್ಷದಲ್ಲಿ ಒಂದು ದಿನ ನಿಂತಿಲ್ಲ ನಾನು. ತಲೆಯೇ ಪೊದೆ ಹಿಂದೆ ಕೂತಿದಾನೆ ಅಂತ ಜನ ಆಡ್ಕೋಬಾರ್ದಲ್ಲ. ಗುಂಪು ಬರೋದ್ರೊಳಗೆ ಹೋಗಿಬಿಡೋಣ ಅಂತ ಓಡ್ದೆ. ಬಟ್ಟೆ ಹಾಕೋದು ನೆನಪಿತ್ತು. ತೆಗೆಯೋದು..."

"ಅಂದ್ರೆ ನಾನು ಎರಡೂವರೆ ಗಂಟೆ ಕಾದಿದ್ದು ನಿಂಗಾ?"

"ನಂಗೇ."

ಬಾಲಕ್ಕ ಅವನ ಕಿವಿ ಹಿಂಡಿದಳು, ಮಾತು ಕೊಟ್ಟಿದ್ದಳಲ್ಲ. ಆಮೇಲೆ ಸೇತುವೆಯ ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನೂ ನಕ್ಕ. ನಗುತ್ತ ನಗುತ್ತ ಅವಳಿಗೆ ಮತ್ತೆ ಕಣ್ಣು ತುಂಬಿತು, ಈ ಸಲ ಯಾಕೆಂದು ಅವಳು ವಿಚಾರಿಸಲು ಹೋಗಲಿಲ್ಲ. ಜೇಬಿನಿಂದ ಬಟ್ಟೆ ತೆಗೆದು ಅವನ ಸೀಟಿನಡಿಗೆ ತಾನೇ ಕಟ್ಟಿದಳು.

"ವ್ಯಾನು ಆಗಿದ್ರೆ ಬಟ್ಟೆ ನೋಡ್ತಿತ್ತಾ?" ಎಂದಳು ಗಂಟು ಬಿಗಿಯುತ್ತ.

"ಇಲ್ಲ."

"ಮತ್ತೆ?"

"ಮುಂದಿನ ತಿಂಗಳೂ ನೀನೇ. ಅದರ ಮುಂದಿನ ತಿಂಗಳೂ. ಆದ್ರೆ ದಿನಾ ಎಲ್ಲಾ ಕಡೆ ನಿನ್ನನ್ನೂ ಎಣಿಸ್ತೀನಿ. ನೀನು ಬರೋ ತನಕ ಊಟದ ಅಂಗಡಿಯಿಂದ ಯಾರೂ ಹೊರಡಲ್ಲ. ಲಾರಿಯೋನು ಬೈದ್ರೆ ಬೈಕೊಳ್ಳಲಿ."

"ಆಗ್ಲಿ. ಈಗ ನೀನು ಹಿಂದೆ ಬಾ. ನನ್ನನ್ನ ದಾಟಬಾರ್ದು."

ಉಳಿದ ಎರಡು ಕಿಲೋಮೀಟರು ಅವಳು ಬೇಕೆಂದೇ ಆರಾಮವಾಗಿ ತುಳಿದಳು. ನಿಧಾನ ಹೋಗುವುದನ್ನು ಎಂದೂ ಕಲಿಯದ ತಮ್ಮ ಹಿಂದೆ ಓಲಾಡುತ್ತ, ಬ್ರೇಕು ಕಿರುಗುಟ್ಟಿಸುತ್ತ, ಎರಡು ಸಲ ಕಾಲೂರುತ್ತ ಬಂದ. "ಇದು ಹೆಂಗೆ ಮಾಡ್ತೀಯ ಅಕ್ಕಾ ದಿನಾ?" ಎಂದು ಗೊಣಗುವುದು ಕೇಳಿಸಿತು. ಅವಳು ಆಕಾಶ ನೋಡಿದಳು.

ಮರಳಿನಲ್ಲಿ ಹನ್ನೊಂದು ಜನ ಚಪ್ಪಾಳೆ ಹೊಡೆದರು. ಮೇಷ್ಟ್ರಮ್ಮ ಓಡಿ ಬಂದು, ಬಾಟಲು ಇಸಿದುಕೊಂಡು, ಬಾಲಕ್ಕನ ಕೆನ್ನೆ ಸವರಿದಳು. ಲಾರಿಯವನು ಗೊಣಗುಟ್ಟುತ್ತಲೇ ಸೈಕಲ್ಲು ಏರಿಸಲು ಹಲಗೆ ಇಳಿಸಿದ. ಬಾಲಕ್ಕ ಮಾತ್ರ ತನ್ನ ಸೈಕಲ್ಲು ಕೊಡದೆ ಅದನ್ನು ತಳ್ಳಿಕೊಂಡು ನೇರ ನೀರಿಗಿಳಿದಳು. ದಿನವೂ ಅವಳು ಬರುವಷ್ಟರಲ್ಲಿ ಲಾರಿ ತುಂಬಿರುತ್ತಿತ್ತು. ಇಷ್ಟು ವರ್ಷದಲ್ಲಿ ಅವಳ ಚಕ್ರಕ್ಕೆ ಸಮುದ್ರದ ನೀರು ಸೋಕಿರಲಿಲ್ಲ.

ಹಿಂದೆ ತಮ್ಮ ಎಣಿಸುತ್ತಿದ್ದ. "...ಒಂಬತ್ತು, ಹತ್ತು, ಹನ್ನೊಂದು. ನಾನು ಹನ್ನೆರಡು." ಅಷ್ಟಕ್ಕೆ ನಿಂತಿತು. ಅವನ ಒಂದು ಬೆರಳು ಮಡಚದೆ ಗಾಳಿಯಲ್ಲಿತ್ತು.

"ಅಕ್ಕಾ, ಬಾ! ಎಣಿಕೆ ಮುಗಿದಿಲ್ಲ!"

"ಕಾಯ್ತಿರು!" ಎಂದಳು ಬಾಲಕ್ಕ, ಮೊಣಕಾಲುದ್ದ ನೀರಿನಲ್ಲಿ ನಿಂತು, ಹಿಂತಿರುಗಿ ನೋಡದೆ.

"ಎಷ್ಟೊತ್ತು?"

"ಎರಡೂವರೆ ಗಂಟೆ!"